ಕೂಸಿನ ಮುಷ್ಟಿಗೆ ಕುಂಬಳದ ಹೋಳು

ಹೊಸದಾಗಿ ಅಂಗನವಾಡಿ ಸಹಾಯಕಿ ಕೆಲಸಕ್ಕೆ ಸೇರಿದ ಹುಡುಗಿಯರು ನನ್ನ ಹತ್ತಿರ ಬಂದು, "ಆಯಿ, ಮೊದಲ ಈ ಕೆಲಸ ಹೆಂಗಿತ್ರಿ?" ಎಂದು ಕೇಳುತ್ತಾರೆ. ಕೇಳಿ, ನಾನು ಉತ್ತರ ಮುಗಿಸುವ ಮೊದಲೇ ಫೋನು ನೋಡುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ನಾನು ಕಲಿತದ್ದು ಮೂರನೇ ಇಯತ್ತೆ, ಅದೂ ಅರ್ಧ. ಒತ್ತಕ್ಷರ ತಪ್ಪಿದಲ್ಲಿ ಮೊಮ್ಮಗಳು ತಿದ್ದಿದ್ದಾಳೆ. ಅಕ್ಷರ ತಿದ್ದು, ಮಾತು ತಿದ್ದಬೇಡ ಎಂದು ಹೇಳಿದ್ದೇನೆ.

ಬಡ್ತಿಯ ವಿಷಯ ಮೊದಲೇ ಹೇಳಿ ಮುಗಿಸಿಬಿಡುತ್ತೇನೆ. ಆಯಾ ಆಗಿ ಸೇರಿದೆ, ಆಯಾ ಆಗಿಯೇ ಮನೆಗೆ ಬಂದೆ. ಕೊನೆಯ ದಿನ ಶಾಲು ಹೊದಿಸಿದರು. ಶಾಲು ತೆಳ್ಳಗಿತ್ತು.

ನಾನು ಸೇರಿದ್ದು ಎಂಬತ್ತರ ದಶಕದ ಆರಂಭದಲ್ಲಿ. ನಮ್ಮದು ಕುಂದಗೋಳ ತಾಲೂಕಿನ ಎರೆಹೊಲದ ಊರು, ಹತ್ತಿ, ಜೋಳ, ಮೆಣಸಿನಕಾಯಿ ಬೆಳೆಯುವ ಊರು. ಹತ್ತಿ ತುಂಬಿಡುತ್ತಿದ್ದ ಒಂದು ಹಳೆಯ ಕೋಣೆಯನ್ನು ಅಂಗನವಾಡಿಗೆ ಕೊಟ್ಟಿದ್ದರು. ಎಷ್ಟು ಗುಡಿಸಿದರೂ ಮೂಲೆಯಿಂದ ಹತ್ತಿಯ ಎಳೆ ಹಾರಿ ಬಂದು ಮಕ್ಕಳು ಸೀನುತ್ತಿದ್ದವು. ಆಯಾ ಕೆಲಸಕ್ಕೆ ಊರಿನ ಬೇರೆ ಹೆಂಗಸರು ಯಾರೂ ಬರಲಿಲ್ಲ. ಕಂಡವರ ಮಕ್ಕಳ ಕುಂಡಿ ಯಾರು ತೊಳೆಯುತ್ತಾರೆ ಎಂದರು. ನಾನು ನನ್ನ ನಾಲ್ಕು ಮಕ್ಕಳದ್ದನ್ನು ಪುಕ್ಕಟೆ ತೊಳೆದವಳು. ಸಂಬಳ ಕೊಟ್ಟರೆ ಯಾಕೆ ಬೇಡ ಎಂದೆ.

ನಾವು ಆಗಿನ ಮಾತಿನಲ್ಲಿ ಹರಿಜನರು. ಕೆಳಗಿನ ಕೇರಿಯವರು. ನಮ್ಮ ಬಾವಿ ಬೇರೆ, ಚಹಾದ ಅಂಗಡಿಯಲ್ಲಿ ನಮ್ಮ ಕಪ್ಪು ಬೇರೆ. ಇದನ್ನು ಅಳುತ್ತ ಹೇಳುತ್ತಿಲ್ಲ. ಇದು ಗೊತ್ತಿಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ, ಅದಕ್ಕೆ ಹೇಳಿದೆ.

ಅಂಗನವಾಡಿಯ ಟೀಚರನ್ನು ನಾವು ಅಕ್ಕೋರು ಎನ್ನುತ್ತೇವೆ. ನಮ್ಮ ಅಕ್ಕೋರ ಹೆಸರು ಶಾಂತಾ. ಹುಬ್ಬಳ್ಳಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ಬೇಯಿಸುವುದು ನಾನು, ಬಡಿಸುವುದು ಅವರು ಎಂದು ಊರಿನ ಹಿರಿಯರು ಒಪ್ಪಂದ ಮಾಡಿದ್ದರು. ದೊಡ್ಡ ಮಕ್ಕಳಿಗೆ ಇದು ನಡೆಯಿತು. ಹಸಿದ ಹುಡುಗ ಉಪ್ಪಿಟ್ಟು ಯಾರು ತಿರುವಿದ್ದು ಎಂದು ಕೇಳುವುದಿಲ್ಲ. ತೊಂದರೆ ಬಂದದ್ದು ಮಡಿಲ ಕೂಸುಗಳದ್ದು. ಆರು ತಿಂಗಳು ತುಂಬಿ, ತಾಯಿಯ ಹಾಲಿನ ಜೊತೆಗೆ ಮೊದಲ ಬಾರಿಗೆ ಉಣ್ಣಲು ಕಲಿಯುವ ಕೂಸುಗಳು. ಕೂಸಿಗೆ ಮೊದಮೊದಲು ತುತ್ತು ಇಡುವವರ ಗುಣವೇ ಅದಕ್ಕೆ ಬರುತ್ತದೆ ಎಂದು ನಮ್ಮೂರಲ್ಲಿ ನಂಬುತ್ತಿದ್ದರು. ಹಾಗಾಗಿ ಅಜ್ಜಿ ತಿನ್ನಿಸಬೇಕು, ಸೋದರತ್ತೆ ತಿನ್ನಿಸಬೇಕು. ದುರಗವ್ವ ತಿನ್ನಿಸಿದರೆ ದುರಗವ್ವನ ಗುಣ ಬರುತ್ತದಲ್ಲ! ನನ್ನ ಗುಣ ಬಂದಿದ್ದರೆ ಆ ಮಕ್ಕಳಿಗೆ ಕೆಟ್ಟದ್ದೇನೂ ಆಗುತ್ತಿರಲಿಲ್ಲ. ಇರಲಿ.

ಸರಕಾರದಿಂದ ಬರುತ್ತಿದ್ದದ್ದು ಹಿಟ್ಟು. ನೀರಲ್ಲಿ ಕುದಿಸಿ ಗಂಜಿ ಮಾಡಿ ಚಮಚದಲ್ಲಿ ಕುಡಿಸಬೇಕು. ಅಕ್ಕೋರು ಕೂಸನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಕುಡಿಸುತ್ತಿದ್ದರು. ಅರ್ಧ ಒಳಗೆ, ಅರ್ಧ ಅಕ್ಕೋರ ಸೀರೆಗೆ. ಕೆಲವು ಕೂಸು ಕುಡಿಯುತ್ತಿದ್ದವು. ಕುಡಿಯದ ಕೂಸುಗಳಲ್ಲಿ ಮೊದಲನೆಯವನು ದೊಡ್ಡ ಮನೆಯ ಶರಣು.

ಈ ಶರಣುವಿನ ಮಾತೇ ನಾನು ಹೇಳಬೇಕಾದದ್ದು. ಅವನ ತಾಯಿ ಗಿರಿಜಾ ಇನ್ನೂ ಸಣ್ಣ ವಯಸ್ಸಿನವಳು. ಮೊದಲಿನ ಕೂಸನ್ನು ಒಂದು ಬೇಸಿಗೆಯಲ್ಲಿ ಕಳೆದುಕೊಂಡಿದ್ದಳು. ಎರಡನೆಯವನು ಇವನು. ಮನೆಯಲ್ಲಿ ಎಮ್ಮೆ ಇತ್ತು, ನೆಲದೊಳಗಿನ ಹಗೇವಿನಲ್ಲಿ ಜೋಳ ಇತ್ತು, ಆದರೆ ಕೂಸು ಕಡ್ಡಿಯ ಹಾಗಿತ್ತು. ಚಮಚ ಕಂಡರೆ ತುಟಿ ಬಿಗಿ ಹಿಡಿಯುತ್ತಿದ್ದ. ತಾಯಿಗೆ ಹಾಲು ಕಡಿಮೆಯಾಗಿತ್ತು. ಅಜ್ಜಿ ನೀಲವ್ವ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಬಾಯಿಗೆ ಸವರುತ್ತಿದ್ದಳು. ಆ ಮನೆಯಲ್ಲಿ ನೀಲವ್ವ ಹೇಳಿದ್ದೇ ಮಾತು. ಬಾಯಲ್ಲಿ ಒಂದು ಹಲ್ಲಿರಲಿಲ್ಲ, ಆದರೂ ಆಕೆ ಮಾತಾಡಿದರೆ ಕಚ್ಚಿದ ಹಾಗೆ ಇರುತ್ತಿತ್ತು. ತೂಗುವ ಚೀಲದಲ್ಲಿ ಶರಣುವನ್ನು ಹಾಕಿದರೆ ಮುಳ್ಳು ಅಲುಗಿ ಸುಮ್ಮನಾಗುತ್ತಿತ್ತು. ಗಿರಿಜಾ ಆ ಮುಳ್ಳನ್ನೇ ನೋಡುತ್ತ ನಿಲ್ಲುತ್ತಿದ್ದಳು. ಮೊದಲನೆಯ ಕೂಸೂ ಹೀಗೇ ಬಡಕಲಾಗಿ ಹೋಗಿತ್ತು ಎಂದು ನಾವೆಲ್ಲ ಬಲ್ಲೆವು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಒಂದು ದಿನ ಅಕ್ಕೋರು ಮೀಟಿಂಗಿಗೆ ಕುಂದಗೋಳಕ್ಕೆ ಹೋಗಿದ್ದರು. ನಾನೊಬ್ಬಳೇ. ತಾಯಂದಿರು ಕೂಸು ಎತ್ತಿಕೊಂಡು ಬಂದು ಕುಳಿತರು. ನಾನು ಗಂಜಿಯ ಬಟ್ಟಲು ಹಿಡಿದು ಮುಂದೆ ಬಂದೆ.

"ದುರಗವ್ವ, ನೀ ತಿನಸಬ್ಯಾಡ ಬೇ. ಮನ್ಯಾಗ ಗೊತ್ತಾದ್ರ ಬೈತಾರ," ಎಂದಳು ಒಬ್ಬಳು.

"ಹಂಗಾದ್ರ ನೀವ ತಿನಸ್ರಿ."

"ನೀ ಹಿಡಿದ ಬಟ್ಟಲಲ್ಲೇನ ಅದು?"

ನನಗೆ ಸಿಟ್ಟು ಬಂತು. ಬಟ್ಟಲು ಒಳಗಿಟ್ಟೆ. ದೊಡ್ಡ ಮಕ್ಕಳ ಸಾರಿಗೆಂದು ಕುಂಬಳಕಾಯಿ ಬೇಯಿಸಿದ್ದೆ. ಅದರಲ್ಲಿ ನಾಲ್ಕು ಹೋಳನ್ನು ತಟ್ಟೆಗೆ ಹಾಕಿ, ನೆಲದ ಮೇಲೆ ನೂಕಿ, ಗೋಡೆಗೆ ಒರಗಿ ಕುಳಿತೆ. ನಾನೇ ತಿನ್ನೋಣ, ಆರಲಿ ಎಂದು ಇಟ್ಟದ್ದು. ಯಾರಿಗೂ ಇಟ್ಟದ್ದಲ್ಲ.

ಶರಣು ಆಗಷ್ಟೇ ಅಂಬೆಗಾಲು ಕಲಿತಿದ್ದ. ತಾಯಿಯ ತೊಡೆಯಿಂದ ಇಳಿದು, ನೆಲದ ಮೇಲೆ ಕಪ್ಪೆಯ ಹಾಗೆ ಬಂದು, ತಟ್ಟೆಯಲ್ಲಿ ಕೈ ಹಾಕಿದ. ಒಂದು ಹೋಳು ಮುಷ್ಟಿಯಲ್ಲಿ ಹಿಚುಕಿ ಹೋಯಿತು. ಎರಡನೆಯದು ಬಾಯಿಗೆ ಹೋಯಿತು. ಚೀಪಿದ. ಕಣ್ಣು ದೊಡ್ಡದು ಮಾಡಿದ. ಮತ್ತೆ ಚೀಪಿದ. ಚಮಚಕ್ಕೆ ತುಟಿ ಬಿಗಿಯುತ್ತಿದ್ದ ಕೂಸು ಗಲ್ಲದ ತುಂಬ ಕುಂಬಳಕಾಯಿ ಮಾಡಿಕೊಂಡು ಮೂರನೆಯದಕ್ಕೆ ಕೈ ಹಾಕಿತು.

ಹೆಂಗಸರು ಗಿರಿಜಾಳ ಮುಖ ನೋಡಿದರು. ಗಿರಿಜಾ ಎದ್ದು ಬಂದು ಮಗನನ್ನು ಎತ್ತಿಕೊಳ್ಳಬೇಕಿತ್ತು. ಎತ್ತಿಕೊಳ್ಳಲಿಲ್ಲ.

"ಅವಗ ಯಾರೂ ತಿನಿಸಿಲ್ಲಲ್ಲ," ಎಂದಳು. "ತಾನ ತಗೊಂಡಾನ. ತನ್ನ ಕೈಲೆ ತಿಂದ್ರ ತನ್ನ ಗುಣನ ಬರತೈತಿ."

ಹೆಂಗಸರು ನಕ್ಕರು. ಮತ್ತೊಬ್ಬಳು ತನ್ನ ಕೂಸನ್ನೂ ಮೆಲ್ಲಗೆ ನೆಲಕ್ಕೆ ಬಿಟ್ಟಳು. ನಮ್ಮ ಊರಿನಲ್ಲಿ ಕೂಸುಗಳು ಕೈಯಿಂದ ತರಕಾರಿ ತಿನ್ನಲು ಕಲಿತದ್ದು ಹೀಗೆ. ಯಾವ ತರಬೇತಿಯಲ್ಲೂ ಅಲ್ಲ.

ಆಮೇಲೆ ನಾನು ಇದನ್ನೇ ಕೆಲಸ ಮಾಡಿಕೊಂಡೆ. ಹುಡುಗಿಯರೇ, ಇಲ್ಲಿ ಕಣ್ಣಿಟ್ಟು ಓದಿರಿ. ಹೋಳು ಕೂಸಿನ ಮುಷ್ಟಿಗಿಂತ ಉದ್ದ ಇರಬೇಕು, ಹಿಡಿದಾಗ ಮೇಲೆ ತುದಿ ಕಾಣಬೇಕು. ಆ ವಯಸ್ಸಿಗೆ ಕೂಸಿಗೆ ಮುಷ್ಟಿ ಬಿಚ್ಚಿ ಒಳಗಿನದನ್ನು ತಿನ್ನಲು ಬರುವುದಿಲ್ಲ. ಸಣ್ಣಗೆ ಹೆಚ್ಚಿದರೆ ಎಲ್ಲ ಅಂಗೈಯಲ್ಲೇ ಉಳಿಯುತ್ತದೆ, ಕೂಸು ಕೈ ನೋಡಿಕೊಂಡು ಅಳುತ್ತದೆ. ನೀರಲ್ಲಿ ಹಾಕಿ ಕುದಿಸಬೇಡಿ, ರುಚಿಯೆಲ್ಲ ನೀರಿಗೆ ಹೋಗುತ್ತದೆ. ಬೇಳೆ ಬೇಯುವ ಪಾತ್ರೆಯ ಬಾಯಿಗೆ ಅರಿವೆ ಕಟ್ಟಿ, ಅದರ ಮೇಲೆ ಹೋಳು ಹರಡಿ, ಮುಚ್ಚಿ ಹಬೆಯಲ್ಲಿ ಬೇಯಿಸುತ್ತಿದ್ದೆ. ಉರಿ ಹತ್ತಿಕಟಿಗೆಯದು. ಅದು ಭರ್ರನೆ ಉರಿದು ಆರಿಬಿಡುತ್ತದೆ, ಎದ್ದು ಹೋಗುವ ಹಾಗಿಲ್ಲ. ಸೀಮೆಎಣ್ಣೆಯ ಸ್ಟೋವು ಬಂದದ್ದು ಬಹಳ ತಡವಾಗಿ. ಬೆಂದಿದೆಯೋ ಇಲ್ಲವೋ ಎಂದು ಬೆರಳಿಂದ ಒತ್ತಿ ನೋಡಿದರೆ ಸಾಲದು. ನಾಲಿಗೆ ಮತ್ತು ಅಂಗುಳದ ನಡುವೆ ಇಟ್ಟು ಒತ್ತಬೇಕು, ಹಲ್ಲು ತಾಗಿಸಬಾರದು. ಹಲ್ಲಿಲ್ಲದ ಬಾಯಿಯಲ್ಲಿ ಕರಗಬೇಕು. ಗಟ್ಟಿ ಎನಿಸಿದರೆ ಮತ್ತೆ ಅರಿವೆಯ ಮೇಲೆ.

ಕುಂಬಳಕಾಯಿ ಎಲ್ಲಕ್ಕಿಂತ ಒಳ್ಳೆಯದು. ಗೆಣಸು ಹೊಟ್ಟೆ ತುಂಬಿಸುತ್ತದೆ; ಸಂತೆಯಲ್ಲಿ ತಂಬೂರು ಊರಿನ ಕಡೆಯ ಗೆಣಸು ಬಂದರೆ ಬಿಡುತ್ತಿರಲಿಲ್ಲ. ಗಜ್ಜರಿ, ಅಂದರೆ ಕ್ಯಾರೆಟ್ಟು, ಬೇಯಲು ಸಮಯ ತಿನ್ನುತ್ತದೆ. ಹೀರೇಕಾಯಿಯ ಏಣು ಪೂರ್ತಿ ಹೆರೆಯಬೇಕು. ಬದನೆಕಾಯಿ ಕೊಟ್ಟು ನೋಡಿದೆ, ಕೂಸುಗಳು ನನ್ನನ್ನೇ ಬೈದ ಹಾಗೆ ಮುಖ ಮಾಡಿದವು. ತರಕಾರಿಗೆ ಸರಕಾರ ಏನೂ ಕೊಡುತ್ತಿರಲಿಲ್ಲ. ತಾಯಂದಿರೇ ಹಿತ್ತಲಿನದನ್ನು ಸೆರಗಿನಲ್ಲಿ ಮುಚ್ಚಿ ತರುತ್ತಿದ್ದರು.

ಒಂದು ದಿನ ಮೇಲ್ವಿಚಾರಕಿ, ನಾವು ಬಾಯಿಯವರು ಎಂದು ಕರೆಯುತ್ತಿದ್ದವರು, ಹೇಳದೆ ಕೇಳದೆ ಬಂದರು. ಇಸ್ತ್ರಿಯ ಸೀರೆ, ಕೈಗಡಿಯಾರ, ಕಟ್ಟುನಿಟ್ಟಿನ ಹೆಂಗಸು. ಅವರ ಸ್ಕೂಟರಿನ ಸಪ್ಪಳ ಕೇಳಿದರೆ ಅಕ್ಕೋರ ಕೈಯಲ್ಲಿದ್ದ ಚಾಕ್‌ಪೀಸು ಬೀಳುತ್ತಿತ್ತು. ನೋಡಿದರೆ, ಕೂಸುಗಳೆಲ್ಲ ನೆಲದ ಮೇಲೆ, ಮೈಯೆಲ್ಲ ಹಳದಿ.

"ಚಮಚ ಎಲ್ಲೆದಾವು? ಏನಿದು ಅವತಾರ?"

ಅಕ್ಕೋರು ತಡವರಿಸಿದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. "ನಾ ಚಮಚ ಹಿಡದ್ರ ಇವರು ಬಾಯಿ ತಗ್ಯೂದಿಲ್ರಿ ಬಾಯಾರ. ಕೂಸಲ್ಲ, ಕೂಸಿನ ಮನ್ಯಾವರು."

ಬಾಯಿಯವರು ಸೀರೆ ಮಡಚಿ ನೆಲಕ್ಕೆ ಕುಳಿತು, ತಟ್ಟೆಯಲ್ಲಿದ್ದ ಗಜ್ಜರಿ ಎತ್ತಿ ನೋಡಿದರು. ನಾನು ಅಂದು ಗಜ್ಜರಿಯನ್ನು ದುಂಡಗೆ ಹೆಚ್ಚಿದ್ದೆ, ನೋಡಲು ಚಂದ ಎಂದು.

"ದುಂಡಗ ಹೆಚ್ಚಬ್ಯಾಡ್ರಿ ದುರಗವ್ವ. ಕೂಸಿನ ಗಂಟಲಾಗ ಬಿಲ್ಲೆ ಹಂಗ ಕುಂತ ಬಿಡತೈತಿ. ಉದ್ದಕ್ಕ ಸೀಳ್ರಿ. ಮತ್ತ ಉಪ್ಪು ಹಾಕಬ್ಯಾಡ್ರಿ, ವರ್ಷ ತುಂಬೂ ಮಟಾ ಬ್ಯಾಡ. ತಿನ್ನೂ ಮುಂದ ಕೂಸು ನೆಟ್ಟಗ ಕುಂತಿರಬೇಕು, ಯಾರರೆ ಒಬ್ರು ಕಣ್ಣ ತಪ್ಪಸಬಾರದು."

ಬೈಸಿಕೊಳ್ಳುತ್ತೇನೆ ಎಂದುಕೊಂಡಿದ್ದವಳಿಗೆ ಪಾಠ ಸಿಕ್ಕಿತು. ಆ ಮೂರು ಮಾತು ಇವತ್ತಿಗೂ ಖರೆ. ಆಕೆಯಂಥ ಮೇಲಿನವರು ಆಮೇಲೆ ನನಗೆ ಸಿಗಲಿಲ್ಲ. ಬಹಳ ಮಂದಿ ಬಂದರು, ಗೋಡೆಯ ಚಿತ್ರ ನೋಡಿ ಹೋದರು.

ಶರಣು ತಿನ್ನತೊಡಗಿದ. ತೂಗುವ ಚೀಲದ ಮುಳ್ಳು ಮುಂದೆ ಸರಿಯಿತು. ಗಿರಿಜಾ ಮುಳ್ಳು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಎಲ್ಲ ಸರಿಹೋಯಿತು ಎನ್ನುವಾಗ ಬಂತು ಬೀಟ್‌ರೂಟು.

ನಮ್ಮೂರಿಗೆ ಆಗ ಬೀಟ್‌ರೂಟು ಗೊತ್ತಿರಲಿಲ್ಲ. ಅಕ್ಕೋರು ಹುಬ್ಬಳ್ಳಿಯಿಂದ ಕೈಚೀಲದಲ್ಲಿ ತಂದು, "ರಕ್ತ ಆಗತೈತಿ ದುರಗವ್ವ, ಭಾಳ ಛಲೋದು," ಎಂದು ಎಲ್ಲರ ಮುಂದೆಯೇ ಹೇಳಿದರು. ಬೇಯಿಸಿದೆ. ಸಿಹಿಯಿತ್ತು, ಕೂಸುಗಳು ಮುಗಿಬಿದ್ದು ತಿಂದವು. ತುಟಿಯೆಲ್ಲ ಎಲೆಅಡಿಕೆ ಹಾಕಿದ ಹಾಗೆ. ನಕ್ಕೂ ನಕ್ಕೂ ಸಾಕಾಯಿತು.

ಮರುದಿನ ಬೆಳಿಗ್ಗೆ ಇನ್ನೂ ಬಾಗಿಲು ತೆಗೆದಿಲ್ಲ, ಹೆಂಗಸರು ಕೂಸಿನ ಅರಿವೆ ಹಿಡಿದುಕೊಂಡು ಬಾಗಿಲ ಮುಂದೆ ನಿಂತಿದ್ದಾರೆ. ಒಂದೊಂದು ಅರಿವೆಯೂ ಕೆಂಪು.

"ಏನ ಹಾಕಿದಿ ಬೇ ನಮ್ಮ ಕೂಸಿಗೆ? ರಕ್ತ ಬೀಳಾಕತ್ತೈತಿ!"

"ರಕ್ತ ಆಗತೈತಿ ಅಂದ್ರಿ, ಹೊರಗ ಬರತೈತಿ ಅಂತ ಹೇಳಿದ್ರೇನು?" ಎಂದು ಒಬ್ಬಳು ಅಕ್ಕೋರ ಮೇಲೂ ಏರಿದಳು.

ನನಗೂ ಹೆದರಿಕೆ ಆಯಿತು, ಸುಳ್ಳೇಕೆ ಹೇಳಲಿ. ಆದರೆ ನಾನೂ ಹಿಂದಿನ ದಿನ ಉಳಿದದ್ದನ್ನು ತಿಂದಿದ್ದೆ, ಅಂದು ಮುಂಜಾನೆ ಬಯಲಿಗೆ ಹೋದಾಗ ನನ್ನದೂ ಅದೇ ಬಣ್ಣ. ಹಾಗೇ ಹೇಳಿದೆ. "ನಂದೂ ಕೆಂಪಗ ಐತಿ, ಬರ್ರಿ ತೋರಸ್ತೀನಿ!" ಎಂದೆ. ಅರ್ಧ ಮಂದಿ ಮೂಗು ಮುಚ್ಚಿ ನಕ್ಕರು. ಕೂಸುಗಳು ಆಡಿಕೊಂಡೇ ಇದ್ದವು, ಸಂಜೆಯ ಹೊತ್ತಿಗೆ ಗದ್ದಲ ಮುಗಿಯಿತು.

ದೊಡ್ಡ ಮನೆಯಲ್ಲಿ ಮಾತ್ರ ಮುಗಿಯಲಿಲ್ಲ. ನೀಲವ್ವನಿಗೆ ಆಗ ಎಲ್ಲ ಗೊತ್ತಾಯಿತು, ಕೂಸು ದಿನಾ ಏನು ತಿನ್ನುತ್ತಿತ್ತು, ಯಾರ ತಟ್ಟೆಯಿಂದ ಎಂದು. ಶರಣು ಬರುವುದು ನಿಂತಿತು. ಅಕ್ಕೋರು ಹೋಗಿ ಹೇಳಿದರು. ನೀಲವ್ವ ಅವರನ್ನು ಕೂಡಿಸಿ, ಚಹಾ ಕೊಟ್ಟು, ಊರಿನ ಸುದ್ದಿಯೆಲ್ಲ ಮಾತಾಡಿ ಕಳಿಸಿದಳು. ಕೂಸಿನ ಮಾತಿಗೆ ಮಾತ್ರ ಕಿವಿ ಕೇಳದ ಹಾಗೆ ಕುಳಿತಳು. ಮನೆಯಲ್ಲಿ ಮತ್ತೆ ಬಿಸ್ಕತ್ತು, ಮತ್ತೆ ಚಹಾ. ಕೂಸು ಮತ್ತೆ ಬಾಯಿ ಬಿಗಿ ಹಿಡಿಯಿತು. ಗಿರಿಜಾ ಅಕ್ಕೋರ ಕೈಯಲ್ಲಿ ಸುಮ್ಮನೆ ಒಂದು ಕುಂಬಳಕಾಯಿ ಕೊಟ್ಟು ಕಳಿಸಿದಳು. ಹೇಳಿಕೆ ಏನೂ ಇಲ್ಲ. ಕಾಯಿಯೇ ಹೇಳಿಕೆ.

ಅಕ್ಕೋರು ಕಾಯಿ ನನ್ನ ಮುಂದೆ ಇಟ್ಟು, "ಏನ ಮಾಡೂಣು ದುರಗವ್ವ?" ಎಂದರು.

"ಬೇಯಸೂಣ್ರಿ," ಎಂದೆ.

ಮರುದಿನ ಮುಂಜಾನೆ ಬೇಯಿಸಿ, ತಟ್ಟೆಯಲ್ಲಿ ಹಾಕಿ ಮುಚ್ಚಿ, ದೊಡ್ಡ ಮನೆಯ ಮುಂದೆ ಹೋಗಿ ನಿಂತೆ. ನೀಲವ್ವ ಕಟ್ಟೆಯ ಮೇಲೆ ಮೊಮ್ಮಗನನ್ನು ಮುಂದೆ ಕೂಡಿಸಿಕೊಂಡಿದ್ದಳು. ಶರಣುವಿನ ಕೊರಳು ಸಣ್ಣಗಾಗಿ ತಲೆ ದೊಡ್ಡದಾಗಿ ಕಾಣುತ್ತಿತ್ತು. ಗಿರಿಜಾ ಬಾಗಿಲ ಹಿಂದೆ ನಿಂತಳು.

"ಏನ ಬೇ ದುರಗಿ, ಮನಿ ಮಟಾ ಬಂದಿ? ರಕ್ತ ಕಡಿಮಿ ಬಿತ್ತೇನ?"

"ಬೀಟ್‌ರೂಟ್ ಅಲ್ರಿ ಅವ್ವಾರ. ಕುಂಬಳಕಾಯಿ. ನಿಮ್ಮ ಹಿತ್ತಲದ್ದ."

"ನಮ್ಮ ಹಿತ್ತಲದ್ದು ನಿನ್ನ ಕೈಗೆ ಹೆಂಗ ಬಂತು?"

ಬಾಗಿಲ ಹಿಂದೆ ಬಳೆ ಸಪ್ಪಳವಾಯಿತು. ನಾನು ಆ ಕಡೆ ನೋಡಲಿಲ್ಲ. "ಕಾಯಿ ನಿಮ್ಮದು, ನೀರು ನಿಮ್ಮ ಬಾವೀದು, ಅಕ್ಕೋರು ಸೇದಿ ಕೊಟ್ಟಾರ. ಬೆಂಕಿ ಒಂದ ನಂದು."

"ಮುಟ್ಟಿದ್ದು ಯಾರ ಕೈ?"

"ನಂದ ರಿ. ನಾ ತಿನಸೂದಿಲ್ಲ. ಇಲ್ಲೆ ಇಟ್ಟು ಹಿಂದ ಸರೀತೀನಿ. ಅವ ತಗೊಂಡ್ರ ತಗೋತಾನ, ಇಲ್ಲಂದ್ರ ನಮ್ಮ ಕೋಳಿ ತಿಂತಾವು."

ಕಟ್ಟೆಯ ತುದಿಯಲ್ಲಿ ತಟ್ಟೆ ಇಟ್ಟು, ಬೇವಿನ ಗಿಡದ ತನಕ ಹಿಂದೆ ಸರಿದೆ. ಶರಣು ತಟ್ಟೆ ನೋಡಿದ. ಅಂಬೆಗಾಲಿಟ್ಟ. ನೀಲವ್ವ ಅವನ ಉಡದಾರ ಹಿಡಿದುಕೊಂಡಳು. ಕೂಸು ಮುಂದಕ್ಕೆ ಜಗ್ಗುತ್ತದೆ, ಅಜ್ಜಿ ಹಿಂದಕ್ಕೆ. ಅಳಲಿಲ್ಲ ಅವನು. ಎತ್ತಿನ ಹಾಗೆ ಜಗ್ಗಿದ.

"ಅತ್ತಿ, ಉಡದಾರ ಹರೀತೈತ್ರಿ," ಎಂದಳು ಗಿರಿಜಾ. ಅತ್ತೆಯ ಎದುರು ಆಕೆ ಬಾಯಿ ತೆರೆದದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಬಿಡ್ರಿ ಅತ್ತಿ. ಒಂದನ್ನ ಕಳಕೊಂಡೀನಿ."

ನೀಲವ್ವ ಸೊಸೆಯ ಕಡೆ ತಿರುಗಲಿಲ್ಲ. ಉಡದಾರ ಬಿಟ್ಟಳು.

ಶರಣು ಎರಡೂ ಕೈಯಲ್ಲಿ ಒಂದೊಂದು ಹೋಳು ಹಿಡಿದ. ಒಂದನ್ನು ಚೀಪಿ ಮುಗಿಸಿದ. ಇನ್ನೊಂದನ್ನು ಹಿಡಿದುಕೊಂಡು ಅಜ್ಜಿಯ ಹತ್ತಿರ ಬಂದು, ಆಕೆಯ ಹೆಗಲು ಹಿಡಿದು ಎದ್ದು ನಿಂತ. ಆ ವಯಸ್ಸಿನ ಕೂಸುಗಳಿಗೆ ಒಂದು ಚಟ ಇರುತ್ತದೆ, ತಾವು ತಿನ್ನುವುದನ್ನು ಹತ್ತಿರ ಇದ್ದವರ ಬಾಯಿಗೂ ತುರುಕುವುದು. ನೀಲವ್ವ, "ಥೂ, ನನ್ನ ಸೀರಿಗೆಲ್ಲ..." ಎಂದು ಬೈಯಲು ಬಾಯಿ ತೆರೆದಳು. ಕೂಸು ಹೋಳನ್ನು ಒಳಗೆ ಹಾಕಿಬಿಟ್ಟಿತು.

ಉಗುಳಲು ಕಟ್ಟೆಯ ಆ ಬದಿಗೆ ಜಾಗವಿತ್ತು, ನೀಲವ್ವ ಅತ್ತ ನೋಡಿದಳು ಕೂಡ. ಆದರೆ ಮೊಮ್ಮಗ ಮೂಗಿಗೆ ಮೂಗು ಹಚ್ಚಿ, ಅಜ್ಜಿ ತಿನ್ನುತ್ತಾಳೋ ಇಲ್ಲವೋ ಎಂದು ಆಕೆಯ ಬಾಯನ್ನೇ ನೋಡುತ್ತಿದ್ದ. ಆಕೆಯ ಬೊಚ್ಚುಬಾಯಿ ಒಮ್ಮೆ ಅಲುಗಿತು. ಇನ್ನೊಮ್ಮೆ ಅಲುಗಿತು. ನುಂಗಿದಳು.

ಆಮೇಲೆ ಬೇವಿನ ಗಿಡದ ಕಡೆ ತಿರುಗಿ, "ಉಪ್ಪು ಹಾಕಿಲ್ಲೇನ ಬೇ?" ಎಂದಳು.

"ಸಣ್ಣ ಕೂಸಿಗೆ ಉಪ್ಪು ಬ್ಯಾಡ್ರಿ ಅವ್ವಾರ."

"ಕೂಸಿಗೆ ಬ್ಯಾಡ. ನನಗ?"

ಮರುದಿನದಿಂದ ಶರಣು ಅಂಗನವಾಡಿಗೆ ಬಂದ. ಗಿರಿಜಾ ಹೋಗುವಾಗ ಆಕೆಯ ಡಬ್ಬಿಯಲ್ಲಿ ನೀಲವ್ವನಿಗೆಂದು ಉಪ್ಪು ಸವರಿದ ಹೋಳು ಬೇರೆಯಾಗಿ ಹಾಕಿ ಕಳಿಸುತ್ತಿದ್ದೆ. ಕೂಸು ಉಳಿಯಿತು, ಬೆಳೆಯಿತು. ಈಗ ಅವನ ಕೊರಳು ನೋಡಿದರೆ ಹಳೆಯದನ್ನು ಯಾರೂ ನಂಬುವುದಿಲ್ಲ, ನೊಗ ಹೊರುವ ಹಾಗಿದೆ. ಆ ದಶಕದಲ್ಲಿ ನನ್ನ ತಟ್ಟೆಯಿಂದ ಮೊದಲ ತುತ್ತು ತಾವೇ ಎತ್ತಿ ತಿಂದ ಕೂಸುಗಳು ಈಗ ಊರಿನಲ್ಲಿ ಮೀಸೆ ತಿರುವಿಕೊಂಡು ಓಡಾಡುತ್ತಾರೆ. ನಾನು ಎದುರು ಬಂದರೆ ದಾರಿ ಬಿಡುತ್ತಾರೆ. ಬಿಡಬೇಕು.

ನೀಲವ್ವ ಬದಲಾಗಿಬಿಟ್ಟಳು ಎಂದು ಬರೆದರೆ ಸುಳ್ಳಾಗುತ್ತದೆ. ನನ್ನನ್ನು ಎಂದೂ ಹೊಸ್ತಿಲು ದಾಟಿಸಲಿಲ್ಲ. ತಿನ್ನುವುದನ್ನೂ ಬಿಡಲಿಲ್ಲ. ಮುಂದೆ ಆಕೆ ಹಾಸಿಗೆ ಹಿಡಿದಾಗ ಸೊಸೆ ಏನು ಕೊಟ್ಟರೂ ಬಾಯಿ ಬಿಗಿ ಹಿಡಿಯುತ್ತಿದ್ದಳಂತೆ. ಶಾಲೆಗೆ ಹೋಗುವಷ್ಟು ದೊಡ್ಡವನಾಗಿದ್ದ ಶರಣು ಡಬ್ಬಿ ಹಿಡಿದುಕೊಂಡು ನಮ್ಮ ಕೇರಿಗೆ, ನನ್ನ ಮನೆಯ ಬಾಗಿಲಿಗೇ ಬರುತ್ತಿದ್ದ. ಎರಡನೇ ಸಲ ಬಂದಾಗ ಹೀಗೆಂದ.

"ಆಯಿ, ಅಜ್ಜಿಗೆ ಕುಂಬಳಕಾಯಿ ಬೇಕಂತ್ರಿ. ಉಪ್ಪು ಹಾಕಿದ್ದು. ಹ್ವಾದ ಸಲ ಗಟ್ಟಿ ಇತ್ತಂತ, ಈ ಸಲ ಮೆತ್ತಗ ಬೇಯಸಬೇಕಂತ."

ಬೇಯಿಸಿ ಕೊಟ್ಟೆ. ಆದರೆ ಒಂದು ಮಾತು ಇಲ್ಲಿ ಬರೆದಿಡುತ್ತೇನೆ, ಹೊಸ ಹುಡುಗಿಯರು ಓದಲಿ. ಹೋದ ಸಲದ್ದು ಗಟ್ಟಿ ಇರಲಿಲ್ಲ. ಆ ಮುದುಕಿ ಸುಳ್ಳು ಹೇಳಿದ್ದಳು. ಗಟ್ಟಿ ಹೋಳು ನನ್ನ ಕೈಯಿಂದ ಯಾವ ಬಾಯಿಗೂ ಎಂದೂ ಹೋಗಿಲ್ಲ.